ಮೂರನೆಯ ಸಲ ಕೇಳದ ಕಿಟಕಿ

ಕೇಳದವನಿಗೂ ಕೊಡುವ, ಬೇಡವೆಂದವನಿಗೂ ಮರಳಿ ಮರಳಿ ಕೊಡುವ, ನಮ್ಮ ನಾಲಗೆಯ ಸಂಕೋಚವನ್ನು ದಾಟಿ ಮನಸ್ಸಿನ ಬಯಕೆಯನ್ನೇ ಓದಿಕೊಳ್ಳುವ ಆ ಪರಮ ದಯಾಳುವಿನ ಹೆಸರಿನಿಂದ ಈ ಕಥೆ ತೊಡಗುತ್ತದೆ. ಭೂಮಿಯನ್ನು ಹಾಸಿದವನು ಅವನು. ಅದರ ಮೇಲೆ ಹಳಿಗಳನ್ನು ಹಾಸುವ ಬುದ್ಧಿಯನ್ನು ಮನುಷ್ಯನಿಗೆ ಇತ್ತವನೂ ಅವನೇ. ಸಕಲ ಪ್ರಯಾಣಿಕರ ಕೊನೆಯ ನಿಲ್ದಾಣ ಅವನ ಸನ್ನಿಧಿ. ಆ ಪ್ರಯಾಣಕ್ಕೆ ಮುಂಗಡ ಟಿಕೆಟು ಬೇಕಾಗಿಲ್ಲ. ಆದರೆ ಇಸ್ತಾಂಬುಲಿನಿಂದ ಕೊನ್ಯಾ ಪಟ್ಟಣಕ್ಕೆ ಹೋಗುವ ರೈಲಿಗೆ ಬೇಕು. ನಮ್ಮ ಕಥೆ ಹುಟ್ಟಿದ್ದು ಈ ಸಣ್ಣ ವ್ಯತ್ಯಾಸದಲ್ಲಿ.

ತುರ್ಕಿಯ ಪಕ್ಕದ ದೇಶದಲ್ಲಿರುವ ನಮ್ಮ ಕಾಶಾನಿನಲ್ಲಿ ಗುಲಾಬಿನೀರು ಇಳಿಸುವ ಮನೆತನಗಳು ಅನೇಕ. ಅವುಗಳಲ್ಲಿ ನುಸ್ರತುಲ್ಲಾ ಗುಲಾಬ್‌ಚಿಯವರ ಮನೆತನ ಗುಲಾಬಿನೀರಿಗಿಂತ ಹೆಚ್ಚಾಗಿ ವಿನಯಕ್ಕೆ ಹೆಸರಾದದ್ದು. ನಮ್ಮಲ್ಲಿ ತಾರೂಫ್ ಎಂಬ ಉಪಚಾರವನ್ನು ಎಳೆಮಗುವಿಗೆ ಹಾಲಿನೊಂದಿಗೇ ಕುಡಿಸುತ್ತಾರೆ. ಕೊಡುವವನು ಮೂರು ಸಲ ಕೊಡಬೇಕು. ಕೊಳ್ಳುವವನು ಎರಡು ಸಲ ಬೇಡವೆನ್ನಬೇಕು. ಮೂರನೆಯ ಸಲ, ನಿಮ್ಮ ಮಾತನ್ನು ಮೀರುವುದುಂಟೆ ಎಂದು ತಲೆ ತಗ್ಗಿಸಿ ಸ್ವೀಕರಿಸಬೇಕು. ಎಲ್ಲರೂ ಇದನ್ನು ಪಾಲಿಸುವವರೇ. ಹಸಿದು ಬಂದವರು ಎರಡನೆಯ 'ಬೇಡ'ವನ್ನು ತುಸು ಮೆಲುದನಿಯಲ್ಲಿ ಹೇಳುವುದುಂಟು, ಅಷ್ಟೆ. ನುಸ್ರತುಲ್ಲಾ ಸಾಹೇಬರಲ್ಲಿ ಆ ಸಡಿಲವೂ ಇರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೋದಾಗ ವೈದ್ಯರು ಬಾಯಿ ತೆರೆಯಿರಿ ಎಂದರೆ, ತಮ್ಮಂಥವರ ಎದುರಿಗೆ ನಾನು ಬಾಯಿ ತೆರೆಯುವುದೇ ಎಂದು ಎರಡು ಸಲ ಸಂಕೋಚಪಟ್ಟವರು ಅವರು. ಊರು ಇದನ್ನು ಮೆಚ್ಚುತ್ತಿತ್ತು. ಮೆಚ್ಚುತ್ತದೆಂಬುದು ಅವರಿಗೂ ಗೊತ್ತಿತ್ತು. ದೋಷವೆಂಬುದು ಇದ್ದದ್ದು ಅಲ್ಲಿ.

ಅವರ ಹೆಂಡತಿ ಇಫ್ಫತ್ ಖಾನುಮ್. ಆಕೆಯ ತಂಗಿ ಸೂದಾಬೆ, ಗಂಡನನ್ನು ಕಳೆದುಕೊಂಡವಳು, ಒಬ್ಬಳೇ ಮಗಳು ಶುಕೂಫೆಯೊಡನೆ ಹದಿನಾಲ್ಕು ವರ್ಷಗಳಿಂದ ಕೊನ್ಯಾದಲ್ಲಿದ್ದಾಳೆ. ಆ ಶುಕೂಫೆಗೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಗರಸಭೆಯ ವಿವಾಹ ಭವನದಲ್ಲಿ ಮದುವೆ. ತುರ್ಕಿಯ ಕಾನೂನಿನಂತೆ ಇಬ್ಬರು ಸಾಕ್ಷಿಗಳು ವಧೂವರರ ಪಕ್ಕದಲ್ಲಿ ಕುಳಿತು ಸಹಿ ಹಾಕಬೇಕು. ತಂದೆಯಿಲ್ಲದ ಹುಡುಗಿ ಹಟ ಹಿಡಿದಳು: ದೊಡ್ಡಪ್ಪ ಪಕ್ಕದಲ್ಲಿ ಕೂತರೆ ಮಾತ್ರ ತಾನು ಸಹಿ ಹಾಕುವುದು, ಇಲ್ಲದಿದ್ದರೆ ಇಲ್ಲ. ವರ ಎರ್ದಿಂಚ್ ಹಡಗಿನ ಎಂಜಿನಿಯರು. ಮಂಗಳವಾರ ಹಡಗೇರಿದರೆ ಮರಳುವುದು ಆರು ತಿಂಗಳ ಮೇಲೆ. ಆದ್ದರಿಂದ ಶನಿವಾರ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ರೈಲಿನ ಟಿಕೆಟನ್ನು ತಾನೇ ತೆಗೆದಿಡುತ್ತೇನೆಂದು ಸೂದಾಬೆ ಫೋನಿನಲ್ಲಿ ಅಂಗಲಾಚಿದಳು. ನಮ್ಮ ದೇಶದ ಬ್ಯಾಂಕ್ ಕಾರ್ಡು ಗಡಿ ದಾಟಿದ ಕ್ಷಣದಿಂದ ಪುಸ್ತಕದ ಪುಟ ಗುರುತಿಸಲು ಮಾತ್ರ ಉಪಯೋಗಕ್ಕೆ ಬರುವ ವಸ್ತುವೆಂಬುದು ಅವಳಿಗೆ ಗೊತ್ತಿತ್ತು. ನುಸ್ರತುಲ್ಲಾ ಒಪ್ಪಲಿಲ್ಲ. ಮದುವೆ ಮನೆಯವರಿಗೆ ಹೊರೆಯಾಗುವುದೇ? ತಬ್ರೀಜಿನ ವ್ಯಾಪಾರಿಗಳೊಡನೆ ಮೂವತ್ತು ವರ್ಷ ತುರ್ಕಿ ಭಾಷೆಯಲ್ಲಿ ವ್ಯವಹರಿಸಿದ ತಮಗೆ ಒಂದು ಟಿಕೆಟು ಯಾವ ಲೆಕ್ಕ? ಕಿಟಕಿಯ ಮುಂದೆ ನಿಂತು ನಾಲ್ಕು ಒಳ್ಳೆಯ ಮಾತಾಡಿದರೆ ಅವರಾಗಿಯೇ ಕೈಗೆ ಹಾಕುತ್ತಾರೆ ಎಂದರು. ಬಸ್ಸಿನಲ್ಲಿ ಹೋಗುವ ಮಾತೇ ಇರಲಿಲ್ಲ. ಇಫ್ಫತ್ ಖಾನುಮಿಗೂ ಬಸ್ಸಿಗೂ ಇರುವ ಹಳೆಯ ವೈರವನ್ನು ಇಲ್ಲಿ ವಿಸ್ತರಿಸುವುದು ಸಭ್ಯತೆಯಲ್ಲ. ಎರಡನೆಯ ತಿರುವಿನಲ್ಲಿ ಬೆಳಗಿನ ಉಪಾಹಾರ ಮರಳಿ ದರ್ಶನ ಕೊಡುತ್ತದೆ ಎಂದಷ್ಟೇ ಹೇಳಿದರೆ ಸಾಕು.

ಗುರುವಾರ ಬೆಳಿಗ್ಗೆ ವಿಮಾನದಿಂದಿಳಿದ ದಂಪತಿ ಇಸ್ತಾಂಬುಲಿನ ಪೆಂದಿಕ್ ರೈಲು ನಿಲ್ದಾಣಕ್ಕೆ ಬಂದರು. ಶಾಲೆಗಳಿಗೆ ರಜೆ ಬಿಟ್ಟ ವಾರ. ಅರ್ಧ ಇಸ್ತಾಂಬುಲ್ ಅಜ್ಜಿಮನೆಗೆ ಹೊರಟು ನಿಂತಿತ್ತು. ಬಾಗಿಲ ಬಳಿ ಒಂದು ಯಂತ್ರ ಸರದಿಯ ಸಂಖ್ಯೆಯ ಚೀಟಿಯನ್ನು ನಾಲಗೆಯಂತೆ ಹೊರಚಾಚುತ್ತಿತ್ತು. ಇಫ್ಫತ್ ಖಾನುಮ್ ಚಹಾ ಅಂಗಡಿಯ ಪಕ್ಕ ಸಾಮಾನಿನ ಮೇಲೆ ಕುಳಿತು, "ರೀ, ನೇರವಾಗಿ ಹೋಗಿ ನೇರವಾಗಿ ಕೇಳಿ ತಗೊಂಡು ಬನ್ನಿ," ಎಂದು ಕಳುಹಿಸಿದರು.

ನುಸ್ರತುಲ್ಲಾ ಅವರಿಗೆ ಬಂದ ಚೀಟಿಯ ಸಂಖ್ಯೆ ನಲವತ್ತಾರು. ಒಳಗೆ ಮೂವತ್ತೊಂಬತ್ತು ನಡೆಯುತ್ತಿತ್ತು. ಅಷ್ಟರಲ್ಲಿ ಊರುಗೋಲಿನ ಮುದುಕಿಯೊಬ್ಬಳು ತನ್ನ ಐವತ್ತೆರಡನೆಯ ಚೀಟಿಯನ್ನು ನೋಡಿ ನಿಟ್ಟುಸಿರಿಟ್ಟಳು. ಆ ನಿಟ್ಟುಸಿರು ಅವರ ಕಿವಿಗೆ ಬಿತ್ತು. "ಇದು ನಿಮ್ಮದೇ, ದಯವಿಟ್ಟು ತಗೊಳ್ಳಿ," ಎಂದು ಚೀಟಿ ಚಾಚಿದರು. ಮುದುಕಿ ಮರುಮಾತಿಲ್ಲದೆ ತೆಗೆದುಕೊಂಡಳು. ಎರಡು ಸಲ ಬೇಡವೆನ್ನುವಳೆಂದು ಎಣಿಸಿದ್ದ ಅವರು ಕ್ಷಣಕಾಲ ಬೆಚ್ಚಿದರು. ಆದರೆ ಪರದೇಶದಲ್ಲಿ ವಯಸ್ಸಾದವರ ಮರೆವನ್ನು ಎತ್ತಿ ಆಡಬಾರದೆಂದು ತಮ್ಮನ್ನು ಸಮಾಧಾನಪಡಿಸಿಕೊಂಡು ಹೊಸ ಚೀಟಿ ತೆಗೆದರು. ಅದು ಅರವತ್ತೊಂದು. ಅದನ್ನು ಮಗುವನ್ನೆತ್ತಿಕೊಂಡಿದ್ದ ತಾಯಿಗೆ ಕೊಟ್ಟರು. ಎಪ್ಪತ್ತು ಒಬ್ಬ ಸೈನಿಕನಿಗೆ ಹೋಯಿತು. ಎಂಬತ್ತಮೂರನ್ನು, ತಮ್ಮ ಕಡೆ ಸುಮ್ಮನೆ ನೋಡಿದ ತಪ್ಪಿಗೆ, ಕನ್ನಡಕ ಒರೆಸಿಕೊಳ್ಳುತ್ತಿದ್ದ ಒಬ್ಬ ಗುಮಾಸ್ತನಿಗೆ ಕೊಟ್ಟರು. ಹೀಗೆ ನುಸ್ರತುಲ್ಲಾ ಸಾಹೇಬರು ಸರದಿಯಲ್ಲಿ ಹಿಮ್ಮುಖವಾಗಿ ಗಂಭೀರವಾಗಿ ಮುನ್ನಡೆದರು.

ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಳ್ಳೆಯ ಸಂಖ್ಯೆ ಬೇಕಾದವರು ಯಂತ್ರದ ಬಳಿ ಹೋಗದೆ ನೇರ ಅವರ ಬಳಿಗೇ ಬರತೊಡಗಿದರು. ಚಹಾದವನು, ಇವರು ರೈಲ್ವೆಯವರು ರಜೆಗೆಂದು ನೇಮಿಸಿದ ಹೊಸ ನೌಕರರೆಂದು ಗಿರಾಕಿಗಳಿಗೆ ತಿಳಿಸುತ್ತಿದ್ದ. ಕೊನೆಗೆ ಕಾವಲುಗಾರ ಬಂದು ಅವರನ್ನು ಮೇಲಿನಿಂದ ಕೆಳಗೆ ನೋಡಿದ.

"ಏನ್ರೀ ಯಜಮಾನ್ರೇ, ಚೀಟಿ ಹಂಚೋ ಕೆಲಸ ನಿಮಗ್ಯಾರು ಕೊಟ್ಟಿದ್ದು?"

"ಯಾರೂ ಕೊಟ್ಟಿಲ್ಲ. ಇಲ್ಲಿ ನಿಂತಿರೋರೆಲ್ಲ ನನಗಿಂತ ದೊಡ್ಡವರು, ಅದಕ್ಕೇ."

ಕಾವಲುಗಾರ ನೋಡಿದ. ಆಗಷ್ಟೇ ತೊಂಬತ್ತೊಂಬತ್ತನೆಯ ಚೀಟಿ ಪಡೆದವಳಿಗೆ ಒಂಬತ್ತು ವರ್ಷ, ಎರಡು ಜಡೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಕಾಳಸಂತೆಯಲ್ಲಿ ಮಾರುವವರನ್ನು ಹಿಡಿಯಲು ಅವನಿಗೆ ಆಜ್ಞೆಯಿತ್ತು. ಕಾಳಸಂತೆಯಲ್ಲಿ ದಾನ ಮಾಡುವವರ ಬಗ್ಗೆ ಏನೂ ಬರೆದಿರಲಿಲ್ಲ.

ಅಷ್ಟರಲ್ಲಿ ಇಫ್ಫತ್ ಖಾನುಮ್ ಬಂದರು. ನೂರಾ ಹದಿನೆಂಟನೆಯ ಚೀಟಿಯನ್ನು ಗಂಡನ ಮುಷ್ಟಿಯೊಳಗಿಟ್ಟು, ಬೆರಳುಗಳನ್ನು ತಾವೇ ಮಡಿಸಿ, ಯಾರ ಕಣ್ಣೂ ಅವರ ಕಣ್ಣಿಗೆ ಬೀಳದಂತೆ ಬಾಗಿಲಿನ ಹಾಗೆ ಅಡ್ಡ ನಿಂತರು. ಸಂಖ್ಯೆ ಕೂಗಿದ ಮೇಲೆಯೇ ಸಾಮಾನಿನ ಕಡೆ ಮರಳಿದರು. ಇಲ್ಲಿಂದ ಕಿಟಕಿಗೆ ಆರು ಹೆಜ್ಜೆ. ಇಷ್ಟರಲ್ಲಿ ಏನು ಕೆಡಲು ಸಾಧ್ಯವೆಂಬುದು ಅವರ ಎಣಿಕೆ. ಮೂವತ್ತೆಂಟು ವರ್ಷದ ದಾಂಪತ್ಯವೂ ಕೆಲವು ಪಾಠಗಳನ್ನು ಪೂರ್ಣವಾಗಿ ಕಲಿಸುವುದಿಲ್ಲ.

ಕಿಟಕಿಯ ಹಿಂದಿದ್ದವರು ನೂರ್ತೆನ್ ಹಾನಿಮ್. ಕನ್ನಡಕಕ್ಕೆ ಸರಪಳಿ, ಮಾತಿಗೆ ಕತ್ತರಿ. ನುಸ್ರತುಲ್ಲಾ ಅವರು ಆಕೆಯ ಆರೋಗ್ಯ, ತಂದೆತಾಯಿಯರ ಆರೋಗ್ಯ, ಆ ಕಟ್ಟಡದ ತಂಪು, ಇವುಗಳನ್ನು ಕ್ರಮವಾಗಿ ವಿಚಾರಿಸಿ ಕೊನೆಗೆ ಕೊನ್ಯಾದ ಹೆಸರೆತ್ತಿದರು.

"ನಾಳೆ ಬೆಳಿಗ್ಗೆ ರೈಲಲ್ಲಿ ಎರಡೇ ಸೀಟು ಉಳಿದಿವೆ, ಅಕ್ಕಪಕ್ಕ. ಕೊಡ್ಲಾ?"

"ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದರೆ."

ನೂರ್ತೆನ್ ಹಾನಿಮ್ ತಲೆಯೆತ್ತಿದರು. "ತೊಂದರೆ ಏನಿಲ್ಲ. ಬೇಕಾ, ಬೇಡ್ವಾ?"

"ಬೇಡ, ಬೇಡ. ನೀವು ಕೇಳಿದ್ರಲ್ಲ, ಅದೇ ನನಗೆ ದೊಡ್ಡದು."

ಹೀಗೆ ಹೇಳಿ ನುಸ್ರತುಲ್ಲಾ ಸಾಹೇಬರು ಕಣ್ಣು ತಗ್ಗಿಸಿ, ಮುಗುಳ್ನಕ್ಕು, ಜೇಬಿನಿಂದ ಪಾಸ್‌ಪೋರ್ಟುಗಳನ್ನು ಅರ್ಧ ಹೊರಗೆಳೆದು ಮೂರನೆಯ ಸಲಕ್ಕಾಗಿ ಕಾದರು. ಅರ್ಧ ಹೊರಬಂದ ಪಾಸ್‌ಪೋರ್ಟುಗಳು ಅಲ್ಲಿಯೇ ನಿಂತವು. ಗಂಟೆ ಬಾರಿಸಿತು. ನೂರಾ ಹತ್ತೊಂಬತ್ತನೆಯವನು, ಕಂಕುಳಲ್ಲಿ ಕಲ್ಲಂಗಡಿ ಹಣ್ಣಿಟ್ಟುಕೊಂಡವನು, ಅವರ ಭುಜದ ಮೇಲಿನಿಂದ "ಕೊನ್ಯಾ, ಎರಡು," ಎಂದ. ಯಂತ್ರ ಕಿರುಗುಟ್ಟಿತು. ಎರಡು ಟಿಕೆಟುಗಳು ಕಲ್ಲಂಗಡಿಯ ಕಡೆಗೆ ಹೋದವು. ಅಭ್ಯಾಸಬಲದಿಂದ ನುಸ್ರತುಲ್ಲಾ ಅವನಿಗೆ ಪ್ರಯಾಣ ಸುಖಕರವಾಗಲೆಂದು ಹರಸಿದರು.

ಬರಿಗೈಯಲ್ಲಿ ಮರಳಿದ ಗಂಡನಿಂದ ಇಫ್ಫತ್ ಖಾನುಮ್ ವೃತ್ತಾಂತವನ್ನು ಪೂರ್ತಿಯಾಗಿ ಕೇಳಿದರು. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಇದು ಒಳ್ಳೆಯ ಲಕ್ಷಣವಾಗಿರಲಿಲ್ಲ.

"ನನ್ನ ನೋಡೋಕೆ ಬಂದಾಗ ಹುಡುಗಿ ಒಪ್ಪಿಗೆನಾ ಅಂತ ಅಪ್ಪ ಕೇಳಿದ್ರೆ ಎರಡು ಸಲ ಬೇಡ ಅಂದ್ರಂತೆ ನೀವು," ಎಂದರು ಕೊನೆಗೆ. "ಅಪ್ಪ ಆವತ್ತು ಮೂರನೇ ಸಲ ಕೇಳಿದ್ದೇ ತಪ್ಪು."

ಅದೇ ಹೊತ್ತಿಗೆ ಸೂದಾಬೆಯ ಫೋನು ಬಂತು. ಟಿಕೆಟು ಸಿಕ್ಕಿತೇ, ಇಲ್ಲವಾದರೆ ತಾನು ನೋಡಲೇ ಎಂದಳು. ಇಫ್ಫತ್ ಖಾನುಮ್ ಒಂದು ಗಳಿಗೆ ಆಕಾಶ ನೋಡಿದರು. ತನ್ನ ಗಂಡ ಟಿಕೆಟಿಗೂ ಉಪಚಾರ ಮಾಡಿದರೆಂದು ತಂಗಿಗೆ ತಿಳಿದರೆ, ಆ ಮಾತು ಸಂಜೆಯೊಳಗೆ ಕಾಶಾನಿನ ಹಮಾಮಿನಲ್ಲಿ ಮೀಯುವ ಹೆಂಗಸರಿಗೂ ತಲುಪುತ್ತದೆ. "ಆಯ್ತು ಕಣೇ, ಆಗ್ಲೇ ಆಯ್ತು. ಒಳ್ಳೆ ಸೀಟು," ಎಂದುಬಿಟ್ಟರು. ಹೀಗೆ ಸಹಾಯದ ಕೊನೆಯ ಬಾಗಿಲೂ ಒಳಗಿನಿಂದ ಅಗಳಿ ಹಾಕಲ್ಪಟ್ಟಿತು.

ಈಗ ಇಫ್ಫತ್ ಖಾನುಮ್ ತಾವೇ ಹೊರಟರು. ತುರ್ಕಿ ಬಾರದ ಕಾರಣ ಗಂಡನನ್ನು ದುಭಾಷಿಯಾಗಿ ಮಾತ್ರ ಜೊತೆಗೆ ಕರೆದೊಯ್ದರು; ನಾನು ಹೇಳಿದ್ದಷ್ಟನ್ನೇ ಹೇಳಬೇಕು, ಒಂದು ಸಲಾಮು ಕೂಡ ಹೆಚ್ಚಿಗೆ ಸೇರಿಸಕೂಡದು ಎಂದು ಕಟ್ಟಪ್ಪಣೆ. ಹೊಸ ಸರದಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಶುಕ್ರವಾರ ಸಂಪೂರ್ಣ ಭರ್ತಿ, ಶನಿವಾರ ಮುಂಜಾನೆಯ ರೈಲಿನಲ್ಲಿ ಕೆಲವು ಸೀಟುಗಳಿವೆ, ಅದು ಒಂದು ಗಂಟೆಗೆ ಕೊನ್ಯಾ ಮುಟ್ಟುತ್ತದೆ ಎಂದರು ನೂರ್ತೆನ್ ಹಾನಿಮ್. ಇಫ್ಫತ್ ಖಾನುಮ್ ಒಡನೆ ಎರಡು ಬೆರಳೆತ್ತಿ ತೋರಿಸಿದರು. ಕಾರ್ಯ ಕೈಗೂಡಿತ್ತು. ಟಿಕೆಟು ಅಚ್ಚಾಗುವ ಯಂತ್ರ ಬಿಸಿಯಾಗುವಷ್ಟರಲ್ಲಿ, ಬೆಳಗಿನಿಂದ ಗದರಿ ಗದರಿ ಬೇಸತ್ತ ನೂರ್ತೆನ್ ಹಾನಿಮ್ ಒಂದು ಒಳ್ಳೆಯ ಮಾತಾಡೋಣವೆಂದುಕೊಂಡದ್ದೇ ಅನರ್ಥಕ್ಕೆ ಕಾರಣವಾಯಿತು. ಇಫ್ಫತ್ ಖಾನುಮಿನ ತಲೆವಸ್ತ್ರದಲ್ಲಿದ್ದ ಪಿರೋಜ ಹರಳಿನ ಪಿನ್ನನ್ನು ನೋಡಿ, ಎಷ್ಟು ಚೆನ್ನಾಗಿದೆ ಎಂದರು.

ಗಂಡ ಅದನ್ನು ಅನುವಾದಿಸಿದರು. ಇಫ್ಫತ್ ಖಾನುಮಿನ ಬುದ್ಧಿ ಎಚ್ಚರವಾಗಿಯೇ ಇತ್ತು. ಆದರೆ ಕೈ, ಹೊಗಳಿದ ವಸ್ತುವನ್ನು ಹೊಗಳಿದವರ ಮುಂದೆಯೇ ಒಡ್ಡಬೇಕೆನ್ನುವ ಕಾಶಾನಿನದು. ಅದು ತಾನಾಗಿ ಮೇಲೆದ್ದು ಪಿನ್ನನ್ನು ಬಿಚ್ಚಿತು. "ನಿಮಗಿಂತ ಹೆಚ್ಚೇ ಇದು? ಇದು ನಿಮ್ಮದೇ," ಎಂದಿತು ಬಾಯಿ. ನುಸ್ರತುಲ್ಲಾ ಅಪ್ಪಣೆಯಂತೆ ಒಂದಕ್ಷರ ಬಿಡದೆ ಅನುವಾದಿಸಿದರು. ನೂರ್ತೆನ್ ಹಾನಿಮ್ ಕೆಂಪಾದರು, ಎದೆ ಮುಟ್ಟಿಕೊಂಡರು, ಪಿನ್ನು ತೆಗೆದುಕೊಂಡು ತಮ್ಮ ಕೊರಳಪಟ್ಟಿಗೆ ಸಿಕ್ಕಿಸಿಕೊಂಡರು.

ಅದು ಇಫ್ಫತ್ ಖಾನುಮಿನ ಅತ್ತೆಯ ಅತ್ತೆಯ ಪಿನ್ನು.

"ರೀ, ವಾಪಸ್ ಕೊಡೋಕೆ ಹೇಳ್ರಿ," ಎಂದರು ಇಫ್ಫತ್ ಖಾನುಮ್, ನಗುವನ್ನು ಮುಖದಿಂದ ಇಳಿಸದೆ.

"ಕೊಟ್ಟಿದ್ದನ್ನ ಹೇಗೆ ಕೇಳೋದು? ಅವರು ಏನಂದ್ಕೊಳ್ತಾರೆ?"

ಆ ಪ್ರಶ್ನೆ ಬಗೆಹರಿಯುವ ಮೊದಲೇ ಮೇಲಧಿಕಾರಿ ಜೆವ್ದೆತ್ ಬೇ ಹಿಂದಿನ ಬಾಗಿಲಿನಿಂದ ಒಳಬಂದರು. ಟಿಕೆಟು ಕೊಡುವ ಹೊತ್ತಿನಲ್ಲಿ ಪ್ರಯಾಣಿಕರಿಂದ ನೌಕರರಿಗೆ ಆಭರಣ. ಅವರ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ಬಹಿರಂಗವಾದ ಲಂಚವನ್ನು ಅವರು ಕಂಡಿರಲಿಲ್ಲ. ಕಿಟಕಿಯ ಪರದೆ ಅರ್ಧಕ್ಕಿಳಿಯಿತು, ಅಚ್ಚಾಗಬೇಕಿದ್ದ ಟಿಕೆಟು ರದ್ದಾಯಿತು, ಪಿನ್ನನ್ನು ತಕ್ಷಣ ಮರಳಿಸಬೇಕೆಂದು ಆಜ್ಞೆಯಾಯಿತು. ಅಳುಮುಖದ ನೂರ್ತೆನ್ ಹಾನಿಮ್ ಅದನ್ನು ಪರದೆಯ ಕೆಳಗಿನಿಂದ ದೂಡಿದರು.

ಇಫ್ಫತ್ ಖಾನುಮಿನ ಪ್ರಾಣವೇ ಆ ಪಿನ್ನಿನಲ್ಲಿತ್ತು. ಆದರೆ ಕೊಟ್ಟದ್ದನ್ನು ಮೊದಲ ಮಾತಿಗೇ ಹಿಂತೆಗೆದುಕೊಂಡರೆ ಮನೆತನದ ಗತಿಯೇನು? ಬೇಡವೆಂದು ಮತ್ತೆ ಒಳಗೆ ದೂಡಿದರು. ಜೆವ್ದೆತ್ ಬೇ ಹೊರಗೆ ದೂಡಿದರು. ಆಕೆ ಕಣ್ಣೀರು ತುಂಬಿಕೊಂಡು ಮತ್ತೊಮ್ಮೆ ಒಳಗೆ ದೂಡಿದರು. ಇದು ಕಾನೂನು, ಆಟವಲ್ಲ ಎಂದು ಅಧಿಕಾರಿ ಗುಡುಗಿದಾಗ, ಮೂರನೆಯ ಸಲ ಬಂದ ಪಿನ್ನನ್ನು ತಲೆ ತಗ್ಗಿಸಿ ಸ್ವೀಕರಿಸಿದರು. ಜೆವ್ದೆತ್ ಬೇ ದಫ್ತರದಲ್ಲಿ ಬರೆದರು: "ವಿದೇಶಿ ಪ್ರಯಾಣಿಕಳು ಎರಡು ಬಾರಿ ಪ್ರತಿರೋಧ ತೋರಿ ಮೂರನೆಯ ಬಾರಿಗೆ ಶರಣಾದಳು." ಅಂದಿನ ಮಟ್ಟಿಗೆ ಕಿಟಕಿ ಮುಚ್ಚಿತು.

ದಂಪತಿ ನಿಲ್ದಾಣದೆದುರಿನ ವಸತಿಗೃಹವೊಂದರಲ್ಲಿ ಇಳಿದುಕೊಂಡರು. ಅದರ ಯಜಮಾನ ರಾಸಿಮ್ ಬೇ ಕಥೆ ಕೇಳಿ ಮರುಗಿದ. ಇದು ನಾಲಗೆಯ ರೋಗ, ಇದಕ್ಕೆ ಅಭ್ಯಾಸವೇ ಮದ್ದು ಎಂಬುದು ಅವನ ಅಭಿಪ್ರಾಯ. ಸಂಜೆಯ ಹೊತ್ತು ಅಂಗಳದಲ್ಲಿ ಪಾಠ ಆರಂಭವಾಯಿತು. ಯಾರು ಏನು ಕೇಳಿದರೂ ಮೊದಲನೆಯ ಸಲಕ್ಕೇ 'ಬೇಕು' ಎನ್ನಬೇಕು. ನುಸ್ರತುಲ್ಲಾ ಸಾಹೇಬರು ಕಣ್ಣು ಮುಚ್ಚಿ, ಹಣೆಯ ಬೆವರೊರೆಸಿ, ತುಟಿಗಳನ್ನು ಆ ಅಸಭ್ಯ ಶಬ್ದಕ್ಕಾಗಿ ಜೋಡಿಸಿಕೊಂಡರು. ಅರ್ಧ ಗಂಟೆಯ ಪ್ರಯತ್ನದ ಮೇಲೆ ಅದು ಬಾಯಿಂದ ಹೊರಬಂತು. ರಾಸಿಮ್ ಬೇ ಕಲಿಸಲು ಬಳಸಿದ್ದು ಚಹಾವನ್ನು. "ಬೇಕಾ?" ಎನ್ನುತ್ತಿದ್ದ, "ಬೇಕು" ಎನ್ನುತ್ತಿದ್ದರು, ಲೋಟ ಬರುತ್ತಿತ್ತು. ಬಂದದ್ದನ್ನು ಕುಡಿಯದಿರುವುದು ಮರ್ಯಾದೆಯೇ? ಹನ್ನೊಂದು ಲೋಟಗಳ ಮೇಲೆ ಗುರು ಶಿಷ್ಯನನ್ನು ಉತ್ತೀರ್ಣನೆಂದು ಸಾರಿದ. ಶಿಷ್ಯ ಬೆಳಗಿನವರೆಗೂ ಕಣ್ಣೆವೆ ಮುಚ್ಚಲಿಲ್ಲ. ಒಳ್ಳೆಯದೇ ಆಯಿತು; ಕಿಟಕಿ ತೆರೆಯುವ ಮೊದಲೇ ಒಂದನೆಯ ಚೀಟಿ ಹಿಡಿದು ಅಲ್ಲಿದ್ದರು.

ಶುಕ್ರವಾರ ನೂರ್ತೆನ್ ಹಾನಿಮ್ ಅವರನ್ನು ಕಂಡು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು. ಇಫ್ಫತ್ ಖಾನುಮ್ ಪಿನ್ನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗಾಜಿನ ಬಾಗಿಲಿನ ಆಚೆ ನಿಂತಿದ್ದರು.

"ಶನಿವಾರ ಮುಂಜಾನೆ ಕೊನ್ಯಾ ತಾನೇ? ಎರಡು ಸೀಟು—"

"ಬೇಕು."

"ಕಿಟಕಿ ಪಕ್ಕ—"

"ಬೇಕು."

"ಇರಿ, ಇನ್ನೂ ಕೇಳೇ ಇಲ್ಲ ನಾನು."

"ಬೇಕು," ಎಂದರು ನುಸ್ರತುಲ್ಲಾ. ಜಾರಲು ತೊಡಗಿದ ಕಲ್ಲು ನಡುದಾರಿಯಲ್ಲಿ ನಿಲ್ಲುವುದಿಲ್ಲ. ಊಟ ಬೇಕೇ? ಬೇಕು. ಮಡಚುವ ಸೈಕಲ್ಲಿಗೆ ಜಾಗ? ಬೇಕು. ಮೊದಲಿನಿಂದ ಕೊನೆಯವರೆಗೆ ಎಲ್ಲ ಪ್ರಯಾಣಿಕರನ್ನೂ ಕೇಳಬೇಕೆಂದು ಜೆವ್ದೆತ್ ಬೇ ಹಿಂದಿನ ದಿನ ಖಡಾಖಂಡಿತವಾಗಿ ಹೇಳಿದ್ದ ಪ್ರಶ್ನೆಗಳ ಪಟ್ಟಿ ಎದುರಿಗಿತ್ತು. ಅದರ ಕೊನೆಯದು, ನಡೆಯಲಾಗದವರಿಗೆ ಗಾಲಿಕುರ್ಚಿಯ ನೆರವು ಬೇಕೇ ಎಂಬುದು.

"ಬೇಕು."

ನೂರ್ತೆನ್ ಹಾನಿಮ್ ಬೆರಳು ನಿಲ್ಲಿಸಿ ಅವರನ್ನು ನೋಡಿದರು. ನಿನ್ನೆ ಬೆಳಗಿನಿಂದ ನಿಂತೇ ಇದ್ದ ಮನುಷ್ಯ. ಇತರರಿಗೆ ಸರದಿ ಬಿಟ್ಟುಕೊಟ್ಟ ಮನುಷ್ಯ. ಆಕೆಯ ಕಣ್ಣು ಒದ್ದೆಯಾಯಿತು. "ಹೇಗೆ ತಡ್ಕೊಂಡ್ರಿ ನೀವು ಅಷ್ಟು ಹೊತ್ತು," ಎಂದು ಮೆಲ್ಲಗೆ ಕೇಳಿದರು. "ಅದೇನು ಮಹಾ ಬಿಡಿ," ಎಂದರು ನುಸ್ರತುಲ್ಲಾ, ಯಾವುದಕ್ಕೆಂದು ತಿಳಿಯದೆ. ಎರಡು ಟಿಕೆಟು ಕೈಗೆ ಬಂದವು. ಕೋಟೆ ಗೆದ್ದ ದೊರೆಯಂತೆ ಹೊರಬಂದ ಗಂಡನನ್ನು ಕಂಡು ಇಫ್ಫತ್ ಖಾನುಮ್ ಮೂವತ್ತೆಂಟು ವರ್ಷಗಳಲ್ಲಿ ಎರಡನೆಯ ಸಲ ಮನಸಾರೆ ಹೊಗಳಿದರು. ಟಿಕೆಟಿನ ಮೇಲಿನ ಸಣ್ಣಕ್ಷರಗಳನ್ನು ಇಬ್ಬರೂ ಓದಲಿಲ್ಲ.

ಶನಿವಾರ ರೈಲು ಒಂದು ಗಂಟೆಗೆ ಸರಿಯಾಗಿ ಕೊನ್ಯಾ ಮುಟ್ಟಿತು. ಬಾಗಿಲು ತೆರೆದಾಗ ಎದುರಿಗೆ ಸಮವಸ್ತ್ರದ ಇಬ್ಬರು ನೌಕರರು, ಅವರ ನಡುವೆ ಒಂದು ಗಾಲಿಕುರ್ಚಿ, ಅದರ ಬೆನ್ನಿಗೆ 'ಗುಲಾಬ್‌ಚಿ' ಎಂದು ಬರೆದ ಹಲಗೆ. ಅವರ ಹಿಂದೆ, ಬೀಗರನ್ನು ಎದುರುಗೊಳ್ಳಲು ಬಂದ ವರನ ತಂದೆ ಹಾಜಿ ಮೆವ್ಲುತ್ ಮತ್ತು ಬಂಧುಬಳಗದ ಹದಿನಾರು ಜನ. ಹದಿನೇಳು ಮುಖಗಳೂ ಒಟ್ಟಿಗೆ ಬಾಡಿದವು.

ನುಸ್ರತುಲ್ಲಾ ಕುರ್ಚಿ ಬೇಡವೆಂದರು. ಹಾಜಿ ಮೆವ್ಲುತ್ ಮುಂದೆ ಬಂದು ಭುಜ ಹಿಡಿದ. "ಬೀಗರೇ, ನಮ್ಮ ಮುಂದೆ ನಾಚಿಕೆ ಬೇಡ, ಕೂತ್ಕೊಳ್ಳಿ." ಅಯ್ಯೋ ನಿಮಗೇಕೆ ತೊಂದರೆ ಎಂದರು ಇವರು. "ತೊಂದರೆನಾ? ನನ್ನ ತಲೆ ಮೇಲೆ ಕೂರಿಸ್ಕೊಂಡು ಹೋಗ್ತೀನಿ ನಿಮ್ಮನ್ನ," ಎಂದ ಹಾಜಿ. ಬೇಡವೇ ಬೇಡ ಎಂದರು. ಕೊನ್ಯಾದ ಮನುಷ್ಯ ಬಿಡಲಿಲ್ಲ. ಕಣ್ಣೊರೆಸಿಕೊಂಡು ಮೂರನೆಯ ಸಲ ಕೇಳಿಕೊಂಡ.

ನುಸ್ರತುಲ್ಲಾ ಸಾಹೇಬರ ಎದೆ ತುಂಬಿ ಬಂತು. ಈ ದೇಶಕ್ಕೆ ಕಾಲಿಟ್ಟ ಮೇಲೆ ಮೂರನೆಯ ಸಲ ಕೇಳಿದ ಮೊದಲ ಸಂಸ್ಕಾರವಂತ ಇವನು. ಇಂಥವನ ಮಾತನ್ನು ಮೀರುವುದುಂಟೆ? ತಲೆ ತಗ್ಗಿಸಿ ಕುರ್ಚಿಯಲ್ಲಿ ಕುಳಿತರು.

ನಿಲ್ದಾಣದ ಕುರ್ಚಿ ನಿಲ್ದಾಣಕ್ಕೇ ಮರಳಿತು. ಆದರೆ ವಿವಾಹ ಭವನದ ಮೆಟ್ಟಿಲ ಬಳಿ, ಹಾಜಿಯ ಫೋನಿನ ಫಲವಾಗಿ, ಪಕ್ಕದ ಮಸೀದಿಯ ಇನ್ನೊಂದು ಕುರ್ಚಿ ಸಿದ್ಧವಾಗಿತ್ತು. ಕಾರಿನಿಂದ ಇಳಿಯುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಬಾಗಿಲಲ್ಲಿದ್ದವರು ಲಕ್ವ ಎಂದರು. ಮೊದಲ ಸಾಲಿನವರು ಎರಡು ಸಲ ಹೊಡೆದಿದೆಯಂತೆ ಎಂದರು. ವರನ ಅಜ್ಜಿ, ಪಾಪ, ಎಡಗಾಲು ಮರದ್ದಂತೆ ಎಂದು ಮುಟ್ಟಿ ನೋಡಲು ಬಂದಳು. ಸೂದಾಬೆ ಓಡಿ ಬಂದು, "ಭಾವ, ಫೋನಲ್ಲಿ ಒಂದು ಮಾತು ಹೇಳಬಾರ್ದಿತ್ತಾ?" ಎಂದು ಅತ್ತಳು.

ಎದ್ದು ನಿಲ್ಲಿರಿ ಎಂದು ಇಫ್ಫತ್ ಖಾನುಮ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಇಷ್ಟು ದೂರ ತಳ್ಕೊಂಡು ಬಂದಿದಾರೆ. ಈಗ ಎದ್ದು ನಿಂತ್ರೆ ಅವರಿಗೆ ಅವಮಾನ ಅಲ್ವಾ?" ಎಂದರು ಗಂಡ.

ಮೂರು ಗಂಟೆಗೆ ಮೇಜಿನ ಒಂದು ಕಡೆ ವಧೂವರರು, ಇಬ್ಬದಿಗೆ ಸಾಕ್ಷಿಗಳು, ಎದುರಿಗೆ ಕೆಂಪು ನಿಲುವಂಗಿಯ ವಿವಾಹಾಧಿಕಾರಿ, ನಡುವೆ ಮೈಕು. ಒಂದೊಂದು ಮದುವೆಗೆ ಇಪ್ಪತ್ತು ನಿಮಿಷ. ಮುಂದಿನ ಜೋಡಿ ಆಗಲೇ ಬಾಗಿಲಲ್ಲಿ ನಿಂತು ಇಣುಕುತ್ತಿತ್ತು. ಅಧಿಕಾರಿ ಶುಕೂಫೆಯ ಕಡೆ ತಿರುಗಿ, ಯಾರ ಒತ್ತಾಯವೂ ಇಲ್ಲದೆ ಈತನನ್ನು ವರಿಸಲು ಒಪ್ಪಿಗೆಯೇ ಎಂದು ಕೇಳಿದ.

ಶುಕೂಫೆ ಮಾತಾಡಲಿಲ್ಲ. ಕಾಶಾನಿನ ಹೆಣ್ಣು ಮೊದಲ ಕರೆಗೇ ಒಪ್ಪಿದಳೆಂಬ ಮಾತು ಬರಬಾರದೆಂದು ತಾಯಿ ವಾರದಿಂದ ಕಲಿಸಿದ್ದಳು.

"ವಧು ಹೂ ಕೊಯ್ಯೋಕೆ ಹೋಗಿದಾಳೆ," ಎಂದು ಸೂದಾಬೆ ಸಭೆಯ ನಡುವಿನಿಂದ, ನಮ್ಮ ಪದ್ಧತಿಯಂತೆ, ಹೇಳಿದಳು.

ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ತನ್ನೆದುರು ಕುಳಿತ ವಧುವನ್ನು ನೋಡಿದ. ಮೂರ್ಛೆ ಹೋದ ವಧುಗಳನ್ನು ಅವನು ಕಂಡಿದ್ದ; ಕುಳಿತಲ್ಲೇ ಕುಳಿತು ಹೂ ಕೊಯ್ಯಲು ಹೋದವಳನ್ನು ಕಂಡಿರಲಿಲ್ಲ. ಇನ್ನೊಮ್ಮೆ ಕೇಳಿದ. ಮೌನ. ವಧು ಗುಲಾಬಿನೀರು ತರಲು ಹೋಗಿದ್ದಾಳೆಂದು ಈ ಸಲ ಸೂದಾಬೆಯ ಜೊತೆಗೆ ಇಫ್ಫತ್ ಖಾನುಮೂ ಸಂತೋಷದಿಂದ ದನಿಗೂಡಿಸಿದರು. ಅಧಿಕಾರಿ ಗಡಿಯಾರ ನೋಡಿದ. ಕಾನೂನಿನ ಕಣ್ಣಿನಲ್ಲಿ ಬಾಯಿ ಬಿಡದ ವಧು ಒಪ್ಪದ ವಧು. ಲೇಖನಿಗೆ ಮುಚ್ಚಳ ಹಾಕಿ, ದಫ್ತರ ಮಡಿಸತೊಡಗಿದ. ಎರ್ದಿಂಚ್ ಕುರ್ಚಿಯಿಂದ ಅರ್ಧ ಎದ್ದ.

ಶುಕೂಫೆ ಮಾತ್ರ ಕಣ್ಣು ತಗ್ಗಿಸಿ, ಮುಗುಳ್ನಕ್ಕು, ತುಟಿಯನ್ನು ಅರ್ಧ ತೆರೆದು ಕಾಯುತ್ತಿದ್ದಳು. ಆ ನೋಟದ ಅರ್ಥ ಇಡೀ ಸಭೆಯಲ್ಲಿ ತಿಳಿದದ್ದು ಒಬ್ಬರಿಗೆ ಮಾತ್ರ. ನುಸ್ರತುಲ್ಲಾ ಸಾಹೇಬರು ಕುರ್ಚಿಯಿಂದ ಚಂಗನೆ ಎದ್ದು ನಿಂತರು. ಹಾಜಿ ಮೆವ್ಲುತ್ ಎರಡೂ ಕೈ ಆಕಾಶಕ್ಕೆತ್ತಿ ದೇವರನ್ನು ಸ್ತುತಿಸಿದ. ಅಜ್ಜಿ ಮರದ ಕಾಲನ್ನು ನೋಡಲು ಬಗ್ಗಿದಳು. ಅವರು ಇದಾವುದನ್ನೂ ಗಮನಿಸದೆ ಮೈಕನ್ನು ಕಿತ್ತುಕೊಂಡರು.

"ಮಗಳೇ, ಇದು ಟಿಕೆಟ್ ಕಿಟಕಿ ಇದ್ದ ಹಾಗೆ. ಮೂರನೇ ಸಲ ಯಾರೂ ಕೇಳಲ್ಲ. ಈಗ ಹೇಳು."

"ಒಪ್ಪಿಗೆ," ಎಂದಳು ಶುಕೂಫೆ. ಅದು ಬೀದಿಗೂ ಕೇಳಿಸಿತು. ಎರ್ದಿಂಚ್ ತನ್ನನ್ನು ಕೇಳುವ ಮೊದಲೇ ತನ್ನದನ್ನೂ ಹೇಳಿಬಿಟ್ಟ. ದಫ್ತರ ಮತ್ತೆ ತೆರೆಯಿತು, ಸಭೆ ಕಣ್ಣೊರೆಸಿಕೊಂಡಿತು. ಸೂದಾಬೆ ಇಫ್ಫತ್ ಖಾನುಮಿನ ಕೈ ಹಿಡಿದುಕೊಂಡು, ಅಕ್ಕಾ, ನಿನ್ನ ಗಂಡ ಸಾಮಾನ್ಯರಲ್ಲ ಎಂದಳು. ಅಧಿಕಾರಿ ಬೆವರೊರೆಸಿಕೊಂಡು ಕೊನೆಯ ಪ್ರಶ್ನೆಗೆ ಬಂದ: ಇವರಿಬ್ಬರೂ ಒಪ್ಪಿದ್ದಕ್ಕೆ ತಾವು ಸಾಕ್ಷಿಯೇ?

ನುಸ್ರತುಲ್ಲಾ ಸಾಹೇಬರು ಎದೆಯ ಮೇಲೆ ಕೈಯಿಟ್ಟು ಬಾಗಿದರು.

"ಅಯ್ಯೋ, ಕಾನೂನು ಬಲ್ಲ ತಮ್ಮಂಥವರು ಎದುರಿಗಿರುವಾಗ ನಾನ್ಯಾವ ಸಾಕ್ಷಿ?"

ಲೇಖನಿಯ ಮುಚ್ಚಳ ಟಕ್ಕೆಂದಿತು. ಇಫ್ಫತ್ ಖಾನುಮ್ ಮುಖ ಮುಚ್ಚಿಕೊಂಡರು. ಶುಕೂಫೆ ಬಿಳಿಯ ಕೈಗವಸಿನ ಕೈಯಿಂದಲೇ ಮೈಕನ್ನು ಎಳೆದುಕೊಂಡಳು.

"ದೊಡ್ಡಪ್ಪಾ, ಕಿಟಕಿ ಮುಚ್ತಿದಾರೆ."

"ಹೌದು, ಹೌದು, ಹೌದು," ಎಂದರು ನುಸ್ರತುಲ್ಲಾ, ಮೂರು ಸಲದ್ದನ್ನೂ ಒಟ್ಟಿಗೇ ತೀರಿಸಿ. ಮೊಹರು ಬಿತ್ತು.

ಈ ಕಥೆಯನ್ನು ಓದಿದವರಿಗೂ, ಓದಿಸಿ ಕೇಳಿದವರಿಗೂ, ಕೇಳುತ್ತಾ ತೂಕಡಿಸಿದವರಿಗೂ ಆ ದಯಾಮಯನು ಒಳಿತನ್ನು ಮಾಡಲಿ. ನಿಮ್ಮೆದುರಿನ ಕಿಟಕಿಗಳೆಲ್ಲ ತೆರೆದಿರಲಿ, ನಿಮ್ಮ ಸೀಟುಗಳು ಅಕ್ಕಪಕ್ಕದಲ್ಲೇ ಸಿಗಲಿ, ನಿಮ್ಮ ಮನೆಯ ಹೆಣ್ಣುಮಕ್ಕಳು ಒಪ್ಪಿದವರನ್ನೇ ವರಿಸಲಿ. ಅವನು ಏನನ್ನಾದರೂ ನೀಡಲು ಕೈ ಚಾಚಿದ ದಿನ, ಮೊದಲನೆಯ ಸಲಕ್ಕೇ ಹೌದೆನ್ನುವ ಧೈರ್ಯ ನಿಮ್ಮ ನಾಲಗೆಗೆ ಬರಲಿ. ತಥಾಸ್ತು.